ಒದ್ದೆ ವೆಸ್ಟಿನ ಜೊತೆ ಒಂದು ಬೇಸಿಗೆ

ಮೊದಲ ದಿನ ಈ ವೆಸ್ಟ್ ಕೈಗೆ ಕೊಟ್ಟಾಗ ನಮ್ಮ ಕಟ್ಟಡದ ಸೈಟಿನ ಬಾರ್ ಬೆಂಡಿಂಗ್ (ಕಂಬಿ ಕಟ್ಟುವ) ಮೇಸ್ತ್ರಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದು ಸಲ ಹಿಂಡಿದರು. ಆಮೇಲೆ ಕೇಳಿದರು: "ಮೇಡಂ, ಇದು ಸ್ಲ್ಯಾಬಿಗೆ ಹೊದಿಸೋ ಗೋಣಿಚೀಲ ಅಲ್ವಾ?"

ಹೊಸ ಸ್ಲ್ಯಾಬ್ ಬೇಗ ಒಣಗದಿರಲಿ ಅಂತ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತೇವಲ್ಲ, ಅದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ತಿಂಗಳು ಬಳಸಿದ ಮೇಲೆ ಹೇಳುತ್ತೇನೆ, ಆ ವೆಸ್ಟನ್ನು ಅವರಿಗಿಂತ ಚೆನ್ನಾಗಿ ವಿವರಿಸಲು ನನಗೆ ಆಗಿಲ್ಲ.

ಇದು ನೀರಿನಲ್ಲಿ ನೆನೆಸಿ ಹಾಕಿಕೊಳ್ಳುವ ಕೂಲಿಂಗ್ ವೆಸ್ಟ್. ಬ್ಯಾಟರಿ ಇಲ್ಲ, ಐಸ್ ಇಲ್ಲ. ಒಳಗೊಂದು ಹೊರಗೊಂದು ಬಟ್ಟೆ, ನಡುವೆ ನೀರು ಹೀರಿ ಉಬ್ಬುವ ಒಂದು ಪದರ. ಬಕೆಟ್ಟಿನಲ್ಲಿ ಎರಡು ನಿಮಿಷ ಅದ್ದಬೇಕು, ಮೆಲ್ಲಗೆ ಹಿಂಡಬೇಕು, ಅಂಗಿಯ ಮೇಲೆ ಹಾಕಿಕೊಂಡು ಕೆಲಸಕ್ಕೆ ಹೋಗಬೇಕು. ನೀರು ಆವಿಯಾಗುವಾಗ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಪೂರ್ತಿ ಆರಿಹೋಗಲು ಸುಮಾರು 580 ಕಿಲೋ ಕ್ಯಾಲೊರಿ ಶಾಖ ಬೇಕು. ನಮ್ಮ ಬೆವರು ಮಾಡುವುದೂ ಇದನ್ನೇ. ವೆಸ್ಟ್ ಅಂದರೆ ಹೊರಗಿನಿಂದ ಸಾಲ ತಂದ ಬೆವರು, ಅಷ್ಟೇ.

12 ವೆಸ್ಟ್ ತರಿಸಿದ್ದೆವು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಜಾತಿಯ ವೆಸ್ಟುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ, ಹೊಲಿಗೆಯಲ್ಲಿ ಮಾತ್ರ ವ್ಯತ್ಯಾಸ. ಕೊಳ್ಳಬಹುದಾ ಅಂತ ಕೇಳಿದರೆ ನನ್ನ ಉತ್ತರ ಹೌದು. ಆದರೆ ನಾನು ಯಾವ ಕಾರಣಕ್ಕೆ ಕೊಂಡೆನೋ ಆ ಕಾರಣಕ್ಕೆ ಕೊಳ್ಳಬೇಡಿ.

ನಾನು ಕೊಂಡದ್ದು ಹೆದರಿಕೆಯಿಂದ.

ಹಿಂದಿನ ಬೇಸಿಗೆಯಲ್ಲಿ ಒಂದು ಸೈಟಿನಲ್ಲಿ ಸ್ಲ್ಯಾಬ್ ಹಾಕುತ್ತಿದ್ದೆವು. ಹೊಸ ಹೆಲ್ಪರ್ ಹುಡುಗ, ಕೆಲಸಕ್ಕೆ ಸೇರಿ ಮೂರನೇ ದಿನ. ಬೆಳಗ್ಗೆಯಿಂದ ಎಲ್ಲರ ಸಮ ಸಮ ಬಾಂಡ್ಲಿ ಹೊತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಹೆಲ್ಮೆಟ್ ತೆಗೆದು ಉಲ್ಟಾ ಹಿಡಿದುಕೊಂಡು ಅದರಲ್ಲಿ ಜಲ್ಲಿ ತುಂಬಿಸುತ್ತಿದ್ದ. ಹುಡುಗಾಟ ಮಾಡುತ್ತಿದ್ದಾನೆ ಅಂದುಕೊಂಡು ಪಕ್ಕದವರು ಬೈದರು. ನಾನು ಹತ್ತಿರ ಹೋಗಿ ಹೆಸರು ಕೇಳಿದೆ. ಏನೇನೋ ಹೇಳಿದ. ಮೈಯೆಲ್ಲ ಬೆವರು, ಮುಟ್ಟಿದರೆ ಕೆಂಡ.

ನಾನು ಮಾಡಿದ ತಪ್ಪು ಇಲ್ಲಿದೆ. ಹೀಟ್ ಸ್ಟ್ರೋಕ್ ಆದರೆ ಚರ್ಮ ಒಣಗಿರುತ್ತದೆ, ಬೆವರು ನಿಂತುಹೋಗಿರುತ್ತದೆ ಅಂತ ಎಲ್ಲೋ ಓದಿದ್ದೆ. ಇವನು ಬೆವರುತ್ತಿದ್ದಾನಲ್ಲ, ಸುಸ್ತಾಗಿರಬೇಕು ಅಂದುಕೊಂಡೆ. ಮೈಮುರಿದು ದುಡಿಯುವವರಿಗೆ ಹೀಟ್ ಸ್ಟ್ರೋಕ್ ಆದಾಗ ಬೆವರು ಸುರಿಯುತ್ತಲೇ ಇರಬಹುದು. ನೋಡಬೇಕಾದದ್ದು ತಲೆಯನ್ನು. ಬಿಸಿಲಲ್ಲಿ ಕೆಲಸ ಮಾಡುವವನು ಮಾತು ತೊದಲಿದರೆ, ತಡವರಿಸಿದರೆ, ಕಾರಣವಿಲ್ಲದೆ ಜಗಳಕ್ಕೆ ಬಂದರೆ, ಅದು ಹೀಟ್ ಸ್ಟ್ರೋಕ್ ಅಂತಲೇ ತಿಳಿದು ಮುಂದುವರಿಯಬೇಕು. ಆ ಹೊತ್ತಿಗೆ ದೇಹದ ಒಳಗಿನ ಬಿಸಿ ಸಾಮಾನ್ಯವಾಗಿ 40 ಡಿಗ್ರಿ ದಾಟಿರುತ್ತದೆ.

ಎರಡನೇ ತಪ್ಪು, ಗಾಡಿ ಹುಡುಕಲು ಹೋದದ್ದು. ಇಪ್ಪತ್ತು ನಿಮಿಷ ಅದರಲ್ಲೇ ಕಳೆಯಿತು. ಫೋನ್ ಮಾಡುವುದು ಒಬ್ಬರ ಕೆಲಸ. ಉಳಿದವರೆಲ್ಲ ಅಷ್ಟು ಹೊತ್ತು ಅವನನ್ನು ತಣ್ಣಗೆ ಮಾಡಬೇಕಿತ್ತು. ಮೊದಲು ತಣಿಸು, ಆಮೇಲೆ ಸಾಗಿಸು. ಈ ಕ್ರಮ ನಾನು ಕಲಿತದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಾಗ, ಡಾಕ್ಟರ್ ಬಾಯಲ್ಲಿ. ಹುಡುಗ ಉಳಿದ. ಮತ್ತೆ ಸೈಟ್ ಕೆಲಸಕ್ಕೆ ಬರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಈ ವೆಸ್ಟಿನ ಜಾಹೀರಾತು ಕಣ್ಣಿಗೆ ಬಿತ್ತು. 'ಎಂಟು ಗಂಟೆ ತಂಪು' ಅಂತ ಬರೆದಿತ್ತು. ನಂಬಿದೆ.

ಎಂಟು ಗಂಟೆ ಸುಳ್ಳು. ಒಣ ಗಾಳಿ ಬೀಸುವ ದಿನ ನಮ್ಮವರ ಮೈಮೇಲೆ ಅದು ಎರಡರಿಂದ ಎರಡೂವರೆ ಗಂಟೆ ಒದ್ದೆ ಇರುತ್ತಿತ್ತು. ನೆರಳಲ್ಲಿ ಸುಮ್ನೆ ಕೂತವರಿಗೆ ಎಂಟು ಗಂಟೆ ಬರಬಹುದೇನೋ. ಸ್ಲ್ಯಾಬಿನ ಮೇಲೆ ಬಗ್ಗಿ ಕಂಬಿ ಕಟ್ಟುವವರಿಗೆ ಬರುವುದಿಲ್ಲ. ಇದನ್ನು ದೂರು ಅಂತ ತಿಳಿಯಬೇಡಿ. ಬೇಗ ಆರುತ್ತಿದೆ ಅಂದರೆ ವೆಸ್ಟ್ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಎಂಟು ಗಂಟೆಯಾದರೂ ಒದ್ದೆಯಾಗಿಯೇ ಇದ್ದರೆ ಆಗ ಚಿಂತೆ ಮಾಡಬೇಕು.

ಚಿಂತೆ ಮಾಡುವ ದಿನವೂ ಬಂತು. ಮಳೆ ಬರುವ ಹಾಗಿದ್ದು ಬಾರದ ದಿನ. ಮೋಡ ಕವಿದಿತ್ತು, ಎಲೆ ಅಲ್ಲಾಡುತ್ತಿರಲಿಲ್ಲ. ಬೆಳಗ್ಗೆ ಹಾಕಿದ ವೆಸ್ಟ್ ಮಧ್ಯಾಹ್ನಕ್ಕೂ ಹಾಗೇ ತೊಟ್ಟಿಕ್ಕುತ್ತಿತ್ತು. ಸೆಂಟ್ರಿಂಗ್ ಹುಡುಗರು ಒಬ್ಬೊಬ್ಬರಾಗಿ ಅದನ್ನು ಬಿಚ್ಚಿ ಸಾರುವೆಯ ಮೇಲೆ ನೇತುಹಾಕಿದರು. "ಒದ್ದೆ ರಗ್ಗು ಹೊದ್ದಂಗೆ ಆಗ್ತದೆ ಅಕ್ಕಾ" ಅಂದರು. ನಾನೂ ಒಂದು ಹಾಕಿಕೊಂಡು ಅರ್ಧ ಗಂಟೆ ನಿಂತೆ. ಅವರು ಹೇಳಿದ್ದು ನಿಜ. ಗಾಳಿಯಲ್ಲೇ ನೀರು ತುಂಬಿದ್ದರೆ ವೆಸ್ಟಿನ ನೀರು ಎಲ್ಲಿಗೆ ಹೋಗಬೇಕು? ಬೆವರಿನ ದಾರಿಯನ್ನೂ ಅದು ಮುಚ್ಚಿಬಿಡುತ್ತದೆ.

ಇದನ್ನು ಮೊದಲೇ ತಿಳಿಯಲು ಒಂದು ಸುಲಭ ಉಪಾಯ ಇದೆ. ಎರಡು ಥರ್ಮಾಮೀಟರ್ ತಗೊಳ್ಳಿ. ಒಂದರ ತುದಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಗಾಳಿಗೆ ಇಡಿ, ಇನ್ನೊಂದು ಒಣಗಿರಲಿ. ಒದ್ದೆಯದು ಎಷ್ಟಕ್ಕೆ ಇಳಿಯುತ್ತದೋ ವೆಸ್ಟ್ ಕೂಡ ಹೆಚ್ಚೆಂದರೆ ಅಷ್ಟಕ್ಕೇ ಇಳಿಯುತ್ತದೆ, ಅದರ ಕೆಳಗೆ ಹೋಗುವುದಿಲ್ಲ. ಎರಡರ ನಡುವೆ ಹತ್ತು ಡಿಗ್ರಿ ಅಂತರ ಇದ್ದರೆ ವೆಸ್ಟ್ ಹಾಕಿಸುತ್ತೇನೆ. ಮೂರು ನಾಲ್ಕು ಡಿಗ್ರಿ ಇದ್ದರೆ ವೆಸ್ಟ್ ಪೆಟ್ಟಿಗೆಯಲ್ಲೇ ಇರುತ್ತದೆ, ಕೆಲಸದ ಹೊತ್ತು ಕಡಿಮೆ ಮಾಡುತ್ತೇನೆ.

ವೆಸ್ಟಿನ ಜೊತೆಗೇ ಒಂದು ಮೀಟರನ್ನೂ ತರಿಸಿದ್ದೆ. ಡಬ್ಲ್ಯೂಬಿಜಿಟಿ (ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್) ಮೀಟರ್ ಅಂತಾರೆ. ಗಾಳಿಯ ಬಿಸಿ, ತೇವ, ಬಿಸಿಲು ಎಲ್ಲವನ್ನೂ ಸೇರಿಸಿ ಒಂದೇ ಅಂಕಿ ಕೊಡುತ್ತದೆ. ಅದರ ತಲೆಯ ಮೇಲೆ ಒಂದು ಕಪ್ಪು ಗುಂಡು ಇರುತ್ತದೆ, ಬಿಸಿಲಿನ ಝಳವನ್ನು ಅದು ಅಳೆಯುತ್ತದೆ. 1950ರ ದಶಕದಲ್ಲಿ ಅಮೆರಿಕದ ಸೇನೆಯವರು ಈ ಲೆಕ್ಕ ಕಂಡುಹಿಡಿದದ್ದು, ತರಬೇತಿಯಲ್ಲಿ ಹುಡುಗರು ಕುಸಿದು ಬೀಳುತ್ತಿದ್ದರು ಅಂತ. ಒದ್ದೆ ಥರ್ಮಾಮೀಟರಿಗೆ ನೂರಕ್ಕೆ 70 ಭಾಗ, ಕಪ್ಪು ಗುಂಡಿಗೆ 20 ಭಾಗ, ಬರೀ ಗಾಳಿಯ ಬಿಸಿಗೆ 10 ಭಾಗ. ನಾವು ದಿನಾ ಫೋನಿನಲ್ಲಿ ನೋಡುವ ಟೆಂಪರೇಚರಿಗೆ ಸಿಗುವುದು ಆ ಕೊನೆಯ ಹತ್ತು ಮಾತ್ರ!

ನನ್ನ ಡೈರಿಯಲ್ಲಿ ಎರಡು ದಿನದ ಲೆಕ್ಕ ಇದೆ. ಒಣ ದಿನ: ಗಾಳಿ 36, ಒದ್ದೆ 26, ಗುಂಡು 50. ಕೂಡಿಸಿದರೆ 31.8. ಮೋಡದ ದಿನ: ಗಾಳಿ 33, ಒದ್ದೆ 30, ಗುಂಡು 42. ಕೂಡಿಸಿದರೆ 32.7. ಫೋನ್ ನೋಡಿದವರಿಗೆ ಎರಡನೇ ದಿನ ಮೂರು ಡಿಗ್ರಿ ಕಡಿಮೆ, 'ಪರವಾಗಿಲ್ಲ ಇವತ್ತು' ಅನ್ನಿಸುವ ದಿನ. ಕತಾರಿನಲ್ಲಿ 2021ರಿಂದ ಒಂದು ನಿಯಮ ಇದೆ, ಈ ಮೀಟರ್ 32.1 ದಾಟಿದರೆ ಹೊರಗಿನ ಕೆಲಸ ನಿಲ್ಲಿಸಬೇಕು. ಆ ನಿಯಮದ ಪ್ರಕಾರ 36 ಡಿಗ್ರಿಯ ದಿನ ಕೆಲಸ ನಡೆಯಬಹುದು, 33 ಡಿಗ್ರಿಯ ದಿನ ನಿಲ್ಲಬೇಕು. ಇದನ್ನು ಆಫೀಸಿನವರಿಗೆ ಅರ್ಥ ಮಾಡಿಸಲು ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಕೊನೆಗೆ ಕಪ್ಪು ಗುಂಡಿನ ಪಕ್ಕದಲ್ಲಿ ಅವರನ್ನೇ ಹತ್ತು ನಿಮಿಷ ನಿಲ್ಲಿಸಿದೆ.

ಇಲ್ಲಿ ಒಂದು ಮಾತು ಹೇಳದೆ ಇರಲು ಆಗುವುದಿಲ್ಲ. ಕಾಂಕ್ರೀಟ್ ಗಾಡಿ ಬಂದಾಗ ನಾವು ಮೊದಲು ಮಾಡುವ ಕೆಲಸ ಅದಕ್ಕೆ ಥರ್ಮಾಮೀಟರ್ ಚುಚ್ಚುವುದು. ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ನಿಯಮಾವಳಿಯಲ್ಲಿ 35 ಡಿಗ್ರಿ ಗೆರೆ. ಬಿಸಿ ಜಾಸ್ತಿ ಇದ್ದರೆ ಗಾಡಿ ವಾಪಸ್. ಜಲ್ಲಿಗೆ ನೀರು ಹೊಡೆಯುತ್ತೇವೆ, ಮಿಕ್ಸಿಂಗ್ ನೀರಿಗೆ ಐಸ್ ಹಾಕುತ್ತೇವೆ, ರಾತ್ರಿ ಹಾಕೋಣ ಅಂತ ಪ್ಲಾನ್ ಬದಲಿಸುತ್ತೇವೆ. ಅದನ್ನು ಹೊರುವವರಿಗೆ ಮಾತ್ರ ಥರ್ಮಾಮೀಟರ್ ಇಲ್ಲ. ನಾನೇ ಹತ್ತಾರು ವರ್ಷ ಹಾಗೆ ಮಾಡಿದವಳು, ಬೇರೆಯವರನ್ನು ಬೈಯುತ್ತಿಲ್ಲ.

ಸರಿ, ವೆಸ್ಟಿಗೆ ಬರೋಣ.

ಮೂರನೇ ದಿನ ಒಬ್ಬ ಹುಡುಗ ಕತ್ತು ಕೆರೆದುಕೊಳ್ಳುತ್ತಾ ಬಂದ. ನೋಡಿದರೆ ಭುಜ, ಕತ್ತಿನ ಹಿಂಭಾಗ ಕೆಂಪಗೆ ಸುಟ್ಟ ಹಾಗೆ ಆಗಿದೆ. ಬಟ್ಟೆ ಆಗಿಬರಲಿಲ್ಲವೇನೋ ಅಂದುಕೊಂಡೆ. ವೆಸ್ಟ್ ಎಲ್ಲಿ ಅದ್ದಿದೆ ಅಂತ ಕೇಳಿದರೆ ಕರಣೆ, ಬಾಂಡ್ಲಿ ತೊಳೆಯುವ ಡ್ರಮ್ಮು ತೋರಿಸಿದ. ಹತ್ತಿರ ಇತ್ತಲ್ಲ, ಅದಕ್ಕೇ ಅದ್ದಿದ್ದಾನೆ. ಸಿಮೆಂಟ್ ನೀರು ಸುಣ್ಣಕ್ಕಿಂತ ಕಡಿಮೆಯೇನಲ್ಲ, ಚರ್ಮ ಸುಡುತ್ತದೆ. ಗಂಟೆಗಟ್ಟಲೆ ಅದನ್ನೇ ಮೈಗೆ ಅಂಟಿಸಿಕೊಂಡಿದ್ದ. ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆಸಿದ ಮೇಲೆ ಉರಿ ಇಳಿಯಿತು. ಅವತ್ತೇ ಒಂದು ನೀಲಿ ಡ್ರಮ್ಮಿಗೆ ಬಿಳಿ ಬಣ್ಣದಲ್ಲಿ 'ವೆಸ್ಟ್' ಅಂತ ಬರೆಸಿ, ಮುಚ್ಚಳ ಹಾಕಿ, ಊಟದ ಶೆಡ್ಡಿನ ಪಕ್ಕ ಇಡಿಸಿದೆ. ವೆಸ್ಟಿನ ಜೊತೆ ಬಂದ ಚೀಟಿಯಲ್ಲಿ 'ಶುದ್ಧ ನೀರು ಬಳಸಿ' ಅಂತ ಇತ್ತು ನಿಜ, ಆದರೆ ಸಿಮೆಂಟ್ ಅನ್ನುವ ಪದ ಎಲ್ಲೂ ಇರಲಿಲ್ಲ. ಕಟ್ಟಡದವರಿಗೇ ಮಾರುವ ವಸ್ತು, ಅಷ್ಟು ಬರೆಯಬಾರದಾ?

ಗಡಸು ನೀರೂ ಒಂದು ತೊಂದರೆ. ಹರಳಿನಂಥ ಜೆಲ್ ತುಂಬಿದ ವೆಸ್ಟುಗಳು, ಕತ್ತಿನ ಪಟ್ಟಿಗಳು ಇವೆಯಲ್ಲ, ಅವುಗಳ ಒಳಗಿನ ವಸ್ತು ಮೆದು ನೀರಿನಲ್ಲಿ ಚೆನ್ನಾಗಿ ಉಬ್ಬುತ್ತದೆ, ಸುಣ್ಣದಂಶ ಇರುವ ನೀರಿನಲ್ಲಿ ಅರೆಬರೆ ಉಬ್ಬಿ ನಿಂತುಬಿಡುತ್ತದೆ. ನಮ್ಮ ಹತ್ತು ಕತ್ತಿನ ಪಟ್ಟಿಗಳು ಹೀಗೇ ಹಾಳಾದವು. ವೆಸ್ಟಿನ ಹತ್ತಿ ಥರದ ಪದರಕ್ಕೆ ಆ ರಗಳೆ ಇರಲಿಲ್ಲ, ಆದರೆ ತಿಂಗಳಲ್ಲಿ ಬಿಳಿ ಪುಡಿ ಕಟ್ಟಿ ಬಿರುಸಾಯಿತು. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಒಗೆದು ಪೂರ್ತಿ ಒಣಗಿಸಲೇಬೇಕು. ಇಲ್ಲದಿದ್ದರೆ ವಾಸನೆ, ಬೆವರುಸಾಲೆ ಎರಡೂ ಗ್ಯಾರಂಟಿ. ಒಬ್ಬರದು ಇನ್ನೊಬ್ಬರು ಹಾಕಬಾರದು. ನಾವು ಪ್ರತಿಯೊಂದಕ್ಕೂ ಮಾರ್ಕರಿನಲ್ಲಿ ನಂಬರ್ ಹಾಕಿದೆವು.

ವೆಲ್ಡರಿಗೆ ಕೊಡಲಿಲ್ಲ. ಒದ್ದೆ ಮೈಯಲ್ಲಿ ಕರೆಂಟ್ ಕೆಲಸ ಆಗುವುದಿಲ್ಲ. ಗ್ರೈಂಡರ್, ವೈಬ್ರೇಟರ್ ಹಿಡಿಯುವವರ ವಿಷಯದಲ್ಲೂ ಎರಡು ಸಲ ಯೋಚಿಸಿ. ಎತ್ತರದಲ್ಲಿ ಸೇಫ್ಟಿ ಬೆಲ್ಟ್ ಹಾಕುವವರಿಗೆ ಇನ್ನೊಂದು ಸಮಸ್ಯೆ: ಬೆಲ್ಟಿನ ಪಟ್ಟಿ ವೆಸ್ಟನ್ನು ಒತ್ತಿ ನೀರು ಹಿಂಡಿಬಿಡುತ್ತದೆ, ಪ್ಯಾಂಟ್ ಎಲ್ಲ ಒದ್ದೆ. ಮೇಲಿಂದ ಹೊಳೆಯುವ ಪ್ಲಾಸ್ಟಿಕ್ ಜಾಕೆಟ್ ಹಾಕಿದರಂತೂ ಗಾಳಿಯೇ ಆಡುವುದಿಲ್ಲ, ವೆಸ್ಟ್ ದಂಡ. ಜಾಳಿಗೆಯ ಜಾಕೆಟ್ ತರಿಸಿ, ಅಥವಾ ಹೊಳೆಯುವ ಪಟ್ಟಿ ವೆಸ್ಟಿನ ಮೇಲೇ ಹೊಲಿದು ಬರುತ್ತದೆ, ಅದನ್ನು ಕೇಳಿ ತಗೊಳ್ಳಿ.

ಈಗ ಹೆಂಗಸರ ವಿಷಯ. ಯಾವ ರಿವ್ಯೂನಲ್ಲೂ ನಾನು ಇದನ್ನು ಓದಿಲ್ಲ.

ನಮ್ಮಲ್ಲಿ ಜಲ್ಲಿ, ಮರಳು ಹೊರುವವರಲ್ಲಿ ಆರು ಜನ ಹೆಂಗಸರು. ಆರರಲ್ಲಿ ಒಬ್ಬರೂ ವೆಸ್ಟ್ ಹಾಕಲಿಲ್ಲ. ನಾಚಿಕೆ ಇರಬೇಕು ಅಂತ ಆಫೀಸಿನವರು ಅಂದರು. ನಾನು ಕೂತು ಕೇಳಿದೆ. ಗಂಡಸಿನ ಎದೆ ಅಳತೆಗೆ ಹೊಲಿದ ವೆಸ್ಟ್, ಮುಂದೆ ಝಿಪ್ ಬೀಳುವುದಿಲ್ಲ. ಅದು ಬಿದ್ದರೂ ಒಳಗಿನ ಬಟ್ಟೆಯೆಲ್ಲ ನೆನೆದು ಮೈಗೆ ಅಂಟುತ್ತದೆ. ಇಡೀ ದಿನ ಗಂಡಸರ ನಡುವೆ ಹಾಗೆ ಓಡಾಡುವುದು ಯಾರಿಗೆ ಬೇಕು? ಅವರು ಹತ್ತಿ ಬಟ್ಟೆ ನೆನೆಸಿ ಹೆಲ್ಮೆಟ್ಟಿನ ಕೆಳಗೆ, ಕತ್ತಿಗೆ ಬರುವ ಹಾಗೆ ಕಟ್ಟಿಕೊಂಡರು. ಅದೇ ಅವರಿಗೆ ಸರಿಹೋಯಿತು.

ಕೂತು ಕೇಳಿದ್ದಕ್ಕೆ ಇನ್ನೊಂದು ವಿಷಯವೂ ಹೊರಬಂತು. ಅವರು ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಟಾಯ್ಲೆಟ್ ಗೇಟಿನ ಆಚೆ, ನಡೆದು ಹೋಗಿ ಬರಲು ಕಾಲು ಗಂಟೆ, ಚಿಲಕ ಬೇರೆ ಇಲ್ಲ. "ಕುಡಿದ್ರೆ ಹೋಗ್ಬೇಕಲ್ಲಕ್ಕ" ಅಂದರು ಒಬ್ಬರು. 12 ವೆಸ್ಟಿಗೆ ಖರ್ಚು ಮಾಡುವ ಮೊದಲು ನಾನು ಒಂದು ಟಾಯ್ಲೆಟ್ ಶೆಡ್ ಹತ್ತಿರಕ್ಕೆ ತರಿಸಬೇಕಿತ್ತು. ಆಮೇಲೆ ತರಿಸಿದೆ. ಒಳಗೆ ಚಿಲಕ ನಾನೇ ನಿಂತು ಹಾಕಿಸಿದೆ. ಆ ವಾರದಿಂದ ನೀರಿನ ಕ್ಯಾನು ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು.

ನೀರು ಎಷ್ಟು ಕುಡಿಯಬೇಕು ಅಂತ ಎಲ್ಲರೂ ಕೇಳುತ್ತಾರೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿ. ಬಾಯಾರಲಿ ಅಂತ ಕಾಯಬಾರದು. ಹಾಗಂತ ಗಂಟೆಗೆ ಒಂದೂವರೆ ಲೀಟರಿನ ಹತ್ತಿರ ಹೋಗಬಾರದು, ರಕ್ತದ ಉಪ್ಪು ತೆಳುವಾಗಿ ಅದೇ ಇನ್ನೊಂದು ಕಾಯಿಲೆ ಆಗುತ್ತದೆ. ಉಪ್ಪಿನ ಮಾತ್ರೆ ನುಂಗಿಸಬೇಡಿ. ಗಂಟೆಗಟ್ಟಲೆ ಬೆವರು ಸುರಿದರೆ ಲವಣದ ಪಾನೀಯ ಕೊಡಿ, ಊಟ ತಪ್ಪಿಸದ ಹಾಗೆ ನೋಡಿಕೊಳ್ಳಿ. ಮೂತ್ರದ ಬಣ್ಣ ಕಡು ಹಳದಿ ಇದ್ದರೆ ಸಾಲದು ಅಂತ ಅರ್ಥ. ಇದನ್ನು ಟಾಯ್ಲೆಟ್ ಬಾಗಿಲಿನ ಒಳಗೆ ಬಣ್ಣದ ಪಟ್ಟಿಯಾಗಿ ಅಂಟಿಸಿದ್ದೇನೆ, ಓದಲು ಬಾರದವರಿಗೂ ತಿಳಿಯುತ್ತದೆ.

ಇನ್ನು ವೆಸ್ಟ್ ನಿಜವಾಗಿ ಮಾಡಿದ ಉಪಕಾರ ಏನು ಅಂತ ಹೇಳುತ್ತೇನೆ. ಇದು ನನಗೆ ತಿಳಿದದ್ದು ಆಕಸ್ಮಿಕವಾಗಿ.

ನಮ್ಮ ಬಾರ್ ಬೆಂಡಿಂಗಿನವರು ಟನ್ ಲೆಕ್ಕದಲ್ಲಿ ದುಡಿಯುತ್ತಾರೆ. ಎಷ್ಟು ಕಟ್ಟಿದರೆ ಅಷ್ಟು ದುಡ್ಡು. ಅವರಿಗೆ ರೆಸ್ಟ್ ತಗೊಳ್ಳಿ ಅಂತ ಹೇಳುವುದು ದುಡ್ಡು ಬಿಟ್ಟುಬಿಡಿ ಅಂತ ಹೇಳಿದ ಹಾಗೆ. ಎಷ್ಟು ಕೂಗಿದರೂ ಇಳಿಯುತ್ತಿರಲಿಲ್ಲ. ನೀರು ಕುಡಿಯಲು ಹೋದವನನ್ನು ಉಳಿದವರು 'ಏನಪ್ಪಾ, ಆಗಲ್ವಾ?' ಅಂತ ರೇಗಿಸುತ್ತಿದ್ದರು. ಆದರೆ ವೆಸ್ಟ್ ಒಣಗಿತು ಅಂದರೆ ತಾವಾಗಿಯೇ ಇಳಿದು ಬರುತ್ತಿದ್ದರು. ನೀಲಿ ಡ್ರಮ್ಮು ಇದ್ದದ್ದು ನೆರಳಿನಲ್ಲಿ. ಅದ್ದಿ, ನೆನೆದು, ಹಿಂಡುವ ಹೊತ್ತಿಗೆ ಐದಾರು ನಿಮಿಷ. ಪಕ್ಕದಲ್ಲೇ ಕುಡಿಯುವ ನೀರು, ಕೂರಲು ಹಲಗೆ. ಇನ್ನೊಬ್ಬನೂ ಬರುತ್ತಿದ್ದ. ಒಂದೆರಡು ಮಾತು. ಒಟ್ಟು ಹದಿನೈದು ನಿಮಿಷ ಆಗಿಹೋಗುತ್ತಿತ್ತು. ರೇಗಿಸುವವರು ಯಾರೂ ಇಲ್ಲ. ನೀರು ಕುಡಿಯಲು ನಿಂತವನು ಸೋಮಾರಿ, ವೆಸ್ಟ್ ಒದ್ದೆ ಮಾಡಲು ಹೋದವನು ಕೆಲಸದಲ್ಲೇ ಇದ್ದಾನೆ!

ಇದನ್ನು ಗಮನಿಸಿದ ಮೇಲೆ ನಾನು ಡ್ರಮ್ಮಿನ ಪಕ್ಕ ಇನ್ನೆರಡು ಹಲಗೆ ಹಾಕಿಸಿದೆ, ಮೇಲೆ ಟಾರ್ಪಾಲಿನ್ ಕಟ್ಟಿಸಿದೆ. ಬೇಕಂತಲೇ ವೆಸ್ಟನ್ನು ಸ್ವಲ್ಪ ಜಾಸ್ತಿ ಹಿಂಡಿ ಅಂತ ಹೇಳಿಕೊಟ್ಟೆ. ಎರಡು ಗಂಟೆ ಬರುವುದು ಒಂದೂವರೆ ಗಂಟೆ ಬಂದರೆ ಒಳ್ಳೆಯದೇ. ಮೇಸ್ತ್ರಿಗೆ ಇದು ಗೊತ್ತಾಯಿತು ಅಂತ ಕಾಣುತ್ತದೆ. ಒಂದು ದಿನ ನನ್ನ ಮುಖ ನೋಡಿ "ಮೇಡಂ, ಬಿಗಿಯಾಗಿ ಹಿಂಡಿದೀನಿ" ಅಂದು ಕಣ್ಣು ಮಿಟುಕಿಸಿದರು.

ಇದರ ಉಲ್ಟಾ ಅಪಾಯವೂ ಇದೆ, ಅದೂ ಎದುರಿಗೇ ಬಂತು. ವೆಸ್ಟ್ ಬಂದ ಎರಡನೇ ವಾರ ಕಂಟ್ರಾಕ್ಟರ್ ಕಡೆಯವರು ಬಂದು ಕೇಳಿದರು: ಈಗ ಎಲ್ಲರಿಗೂ ಎಸಿ ಹಾಕಿಸಿದ್ದೀರಲ್ಲ, ಮಧ್ಯಾಹ್ನದ ಬ್ರೇಕ್ ಕಡಿಮೆ ಮಾಡಬಹುದಲ್ಲ? ತಮಾಷೆಗೆ ಕೇಳಿದ್ದಲ್ಲ. ವೆಸ್ಟ್ ಹಾಕಿದವನಿಗೂ ಹಾಗೇ ಅನ್ನಿಸುತ್ತದೆ. ಎದೆ ತಣ್ಣಗಿರುತ್ತದೆ, ಇನ್ನೂ ಒಂದು ಸಾಲು ಕಟ್ಟಿಬಿಡೋಣ ಅನ್ನುತ್ತಾನೆ. ಚರ್ಮಕ್ಕೆ ತಂಪಾದದ್ದು ಒಳಗಿನ ಬಿಸಿಗೆ ಗೊತ್ತಾಗುವುದಿಲ್ಲ. ಕಷ್ಟದ ಕೆಲಸ ಮಾಡುವಾಗ ಬಿಸಿ ಹುಟ್ಟುವುದೇ ಮಾಂಸಖಂಡದ ಒಳಗೆ, ಸೂರ್ಯನಷ್ಟೇ ಅದೂ ಕಾರಣ. ವೆಸ್ಟಿನ ತಂಪಿನಲ್ಲಿ ಒಂದು ಪಾಲು ಹೊರಗಿನ ಬಿಸಿಗಾಳಿಯನ್ನು ತಣಿಸಲು ಪೋಲಾಗುತ್ತದೆ ಬೇರೆ. ಬ್ರೇಕ್ ಕಡಿಮೆ ಮಾಡಲು ನಾನು ಒಪ್ಪಲಿಲ್ಲ. ಭಾರದ ಕೆಲಸ ಬೆಳಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನಕ್ಕೆ ಮುಂಚೆ ಮುಗಿಸುವ ಹಾಗೆ ಬದಲಿಸಿದೆವು, ಅಳತೆ ಹಾಕುವುದು, ಬೈಂಡಿಂಗ್ ವೈರ್ ಕತ್ತರಿಸುವಂಥ ಕೆಲಸ ಮಧ್ಯಾಹ್ನದ ನೆರಳಿಗೆ ಇಟ್ಟೆವು.

ಹೊಸಬರಿಗೆ ವೆಸ್ಟ್ ಕೊಟ್ಟು ಕೈತೊಳೆದುಕೊಳ್ಳಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ದೇಹ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೇಲೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ. ಬಿಸಿಲಿನಿಂದ ಹೊರಗೆ ಸಾಯುವ ಕೆಲಸಗಾರರಲ್ಲಿ ಅರ್ಧದಿಂದ ಮುಕ್ಕಾಲಿನ ಹತ್ತಿರ ಜನ ಸಾಯುವುದು ಮೊದಲ ಕೆಲವೇ ದಿನಗಳಲ್ಲಿ ಅಂತ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳುತ್ತದೆ. ಓದಿದಾಗ ಆ ಹೆಲ್ಪರ್ ಹುಡುಗನ ಮೂರನೇ ದಿನ ನೆನಪಾಗಿ ಹೊಟ್ಟೆ ತೊಳಸಿತು. ಈಗ ನಮ್ಮ ಲೆಕ್ಕ ಹೀಗೆ: ಹೊಸಬನಿಗೆ ಮೊದಲ ದಿನ ಬಿಸಿಲಲ್ಲಿ ಐದನೇ ಒಂದು ಪಾಲು ಹೊತ್ತು ಮಾತ್ರ, ದಿನಕ್ಕೆ ಅಷ್ಟಷ್ಟೇ ಏರಿಸುತ್ತಾ ಐದನೇ ದಿನಕ್ಕೆ ಪೂರ್ತಿ. ಹಳಬ ರಜೆ ಮುಗಿಸಿ ಬಂದರೆ ಅರ್ಧದಿಂದ ಶುರು. ಕೂಲಿ ಪೂರ್ತಿ ಕೊಡುತ್ತೇವೆ, ಇಲ್ಲದಿದ್ದರೆ ಯಾರೂ ನೆರಳಲ್ಲಿ ಕೂರುವುದಿಲ್ಲ.

ಬೇರೆ ಥರದವನ್ನೂ ಒಂದೊಂದು ತರಿಸಿ ನೋಡಿದೆ, ಚಿಕ್ಕದಾಗಿ ಹೇಳುತ್ತೇನೆ. ಮೇಣದಂಥ ವಸ್ತು ತುಂಬಿದ ವೆಸ್ಟ್ ಗಾಳಿಯ ತೇವ ಎಷ್ಟಿದ್ದರೂ ಕೆಲಸ ಮಾಡುತ್ತದೆ, ಮೋಡದ ದಿನಕ್ಕೆ ಅದೇ ಸರಿ. ಆದರೆ ಎರಡು ಕೆ.ಜಿ.ಗೂ ಜಾಸ್ತಿ ಭಾರ, ಎರಡು ಗಂಟೆಯೊಳಗೆ ಕರಗಿಹೋಗುತ್ತದೆ, ಮತ್ತೆ ಗಟ್ಟಿ ಮಾಡಲು ಐಸ್ ನೀರು ಬೇಕು. ಒಂದೇ ಕಡೆ ಕೂತು ಕೆಲಸ ಮಾಡುವ ಕ್ರೇನ್ ಆಪರೇಟರಿಗೆ ಕೊಟ್ಟೆ, ಅವರು ವಾಪಸ್ ಕೊಟ್ಟಿಲ್ಲ. ಎರಡು ಫ್ಯಾನ್ ಇರುವ ಜಾಕೆಟ್ ಜಪಾನಿನ ಸೈಟುಗಳಲ್ಲಿ ತುಂಬಾ ಬಳಕೆಯಲ್ಲಿದೆ. ಹಾಕಿದರೆ ಬಲೂನಿನ ಹಾಗೆ ಉಬ್ಬುತ್ತದೆ, ಬೆವರು ಬೇಗ ಆರುತ್ತದೆ. ನಮ್ಮಲ್ಲಿ ಧೂಳು ಹೀರಿ ಒಂದು ಫ್ಯಾನ್ ಹತ್ತೇ ದಿನಕ್ಕೆ ನಿಂತಿತು. ಗಾಳಿಯೇ 40 ಡಿಗ್ರಿ ದಾಟಿದ ದಿನ ಅದು ಮೈಗೆ ಬಿಸಿಗಾಳಿ ಊದುವ ಯಂತ್ರ, ಆಗ ಬೇಡ. ಹೆಲ್ಮೆಟ್ಟಿನ ಹಿಂದೆ ಸಿಕ್ಕಿಸುವ ಬಟ್ಟೆ ಎಲ್ಲಕ್ಕಿಂತ ಅಗ್ಗ. ಯಾರೂ ತಕರಾರು ಮಾಡದೆ ಬಳಸಿದ್ದು ಅದೊಂದೇ.

ವೆಸ್ಟಿಗಿಂತ ಮೊದಲು ಸೈಟಿನಲ್ಲಿ ಇರಬೇಕಾದದ್ದು ನಿಮ್ಮ ಹತ್ತಿರ ಈಗಾಗಲೇ ಇದೆ: ಟಾರ್ಪಾಲಿನ್. ಯಾರಾದರೂ ಕುಸಿದರೆ ಅದರ ಮೇಲೆ ಮಲಗಿಸಿ, ಅಂಚುಗಳನ್ನು ನಾಲ್ಕೈದು ಜನ ಎತ್ತಿ ಹಿಡಿದು ತೊಟ್ಟಿಲು ಮಾಡಿ, ನೀರು ಸುರಿದು, ಐಸ್ ಇದ್ದರೆ ಹಾಕಿ, ಮೈಯೆಲ್ಲ ನೀರು ಆಡುವ ಹಾಗೆ ಅಲ್ಲಾಡಿಸುತ್ತಿರಬೇಕು. ಮುಖ ಮಾತ್ರ ನೀರಿನ ಮೇಲೆ. ಅರ್ಧ ಗಂಟೆಯೊಳಗೆ ತಣ್ಣಗಾಗಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ನಾವು ತಿಂಗಳಿಗೊಮ್ಮೆ ಇದನ್ನು ಮಾಡಿ ಅಭ್ಯಾಸ ಮಾಡುತ್ತೇವೆ. ಮಲಗಲು ಹುಡುಗರಲ್ಲಿ ಪೈಪೋಟಿ, ಬಿಸಿಲಿನಲ್ಲಿ ಪುಕ್ಕಟೆ ಸ್ನಾನ ಯಾರಿಗೆ ಬೇಡ?

ವೆಸ್ಟಿಗೆ ಐದಕ್ಕೆ ಎಷ್ಟು ಅಂದರೆ, ಒಣ ಹವೆಯಲ್ಲಿ ನಾಲ್ಕು, ತೇವದ ಹವೆಯಲ್ಲಿ ಒಂದು. ಕೊಳ್ಳುವುದಾದರೆ ತಲೆಗೆ ಎರಡರಂತೆ ಕೊಳ್ಳಿ, ಒಂದು ಒಗೆದು ಆರುವಾಗ ಇನ್ನೊಂದು ಬೇಕು. ಎರಡು ಅಳತೆ ದೊಡ್ಡದು ತಗೊಳ್ಳಿ, ನೆನೆದ ಮೇಲೆ ಅದು ಕುಗ್ಗಿದ ಹಾಗೆ ಬಿಗಿಯಾಗುತ್ತದೆ. ಝಿಪ್ ಪ್ಲಾಸ್ಟಿಕ್‌ನದೇ ಇರಲಿ, ಲೋಹದ್ದು ಬಿಸಿಲಿಗೆ ಕಾದು ಕತ್ತಿಗೆ ತಾಗುತ್ತದೆ.

ನಮ್ಮ 12ರಲ್ಲಿ ಈಗ ಒಂಬತ್ತು ಬಳಕೆಯಲ್ಲಿವೆ. ಎರಡು ಕಂಬಿಗೆ ಸಿಕ್ಕಿ ಹರಿದವು. ಮೂರನೆಯದು ಹಾಳಾಗಿರಲಿಲ್ಲ, ಕಾಣೆಯಾಗಿತ್ತು. ವಾರವಿಡೀ ಹುಡುಕಿದೆ. ಕೊನೆಗೆ ನೋಡಿದರೆ, ಆ ಆರು ಜನ ಹೆಂಗಸರು ಅದನ್ನು ಬಿಚ್ಚಿ ಅಗಲ ಮಾಡಿ ತಮ್ಮ ಕುಡಿಯುವ ನೀರಿನ ಕ್ಯಾನಿಗೆ ಸುತ್ತಿ, ಬೈಂಡಿಂಗ್ ವೈರಿನಲ್ಲಿ ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದರು. ಒಂದು ಲೋಟ ಕೊಟ್ಟರು. ಎಷ್ಟು ತಣ್ಣಗಿತ್ತು ಗೊತ್ತಾ? ನಂಬರ್ ಏಳು, ಕ್ಯಾನಿನ ಹೊಟ್ಟೆಯ ಮೇಲೆ ಇನ್ನೂ ಕಾಣುತ್ತದೆ. ವಾಪಸ್ ಕೇಳಲಿಲ್ಲ.